ಸಂಸೆಯಿಂದ ಬಂದ ಅಚ್ಚುಗಳು

ಮಳೆಗಾಲ ಮುಗಿದು ರಸ್ತೆಗಳು ಒಣಗತೊಡಗಿದ್ದ ದಿನಗಳಲ್ಲಿ ನಮ್ಮ ಕಚೇರಿಗೆ ಸಂಸೆಯಿಂದ ಒಂದು ದಪ್ಪ ಲಕೋಟೆ ಬಂತು. ಒಡೆದರೆ ಹನ್ನೆರಡು ಮರದಚ್ಚಿನ ಚಿತ್ರಗಳು. ಹಲಗೆಯ ಮೇಲೆ ಕೆತ್ತಿ, ಶಾಯಿ ಹಚ್ಚಿ, ಕಾಗದ ಒತ್ತಿ ತೆಗೆದವು. ಜೊತೆಗಿದ್ದ ಅರ್ಜಿ ಒಬ್ಬ ಹುಡುಗಿಯದು. ವಯಸ್ಸು ಇಪ್ಪತ್ತೇಳು ಎಂದಿತ್ತು. ಉದ್ಯೋಗ, ನರ್ಸರಿಯಲ್ಲಿ ಮೆಣಸಿನ ಬಳ್ಳಿಗೆ ಕಸಿ ಕಟ್ಟುವುದು. ಕಲೆಯನ್ನು ಎಲ್ಲಿ ಕಲಿತಿರಿ ಎಂಬ ಪ್ರಶ್ನೆಯ ಮುಂದೆ ಅವಳು ಏನೂ ಬರೆಯದೆ ಒಂದು ಅಡ್ಡಗೆರೆ ಎಳೆದು ಬಿಟ್ಟಿದ್ದಳು.

ನಾನು ಚಿಕ್ಕಮಗಳೂರಿನ ಒಂದು ಸಣ್ಣ ಕಲಾಕೇಂದ್ರದ ಆಡಳಿತ ನೋಡಿಕೊಳ್ಳುತ್ತೇನೆ. ಹಿಂದೆ ಕಾಫಿ ಗೋದಾಮಾಗಿದ್ದ ಕಟ್ಟಡ. ಪ್ರತಿ ವರ್ಷ ಒಬ್ಬ ಕಲಾವಿದರಿಗೆ ಅಲ್ಲಿ ಒಂದು ಕೋಣೆ, ಅಚ್ಚಿನ ಯಂತ್ರ, ಕಾಗದ, ಶಾಯಿ ಎಲ್ಲ ಕೊಟ್ಟು ವರ್ಷವಿಡೀ ಅವರ ಪಾಡಿಗೆ ಕೆಲಸ ಮಾಡಲು ಬಿಡುತ್ತೇವೆ. ಯಾರಿಗೆ ಕೊಡಬೇಕೆಂಬುದನ್ನು ಮೂವರ ಸಮಿತಿ ತೀರ್ಮಾನಿಸುತ್ತದೆ. ಅದಕ್ಕೂ ಮೊದಲು ಅರ್ಜಿಗಳನ್ನು ಸೋಸಿ ಕೊಡುವುದು ನನ್ನ ಕೆಲಸ.

ಸೋಸುವ ಕೆಲಸವನ್ನೇ ಬಹಳ ವರ್ಷ ಮಾಡಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಚೆನ್ನಾಗಿರುವುದನ್ನು ಕಂಡ ತಕ್ಷಣ ಸಂತೋಷವಾಗುವುದಿಲ್ಲ, ಇದು ಇವರದ್ದೇನಾ ಎಂಬ ಅನುಮಾನ ಬರುತ್ತದೆ. ಆ ಹನ್ನೆರಡೂ ಚೆನ್ನಾಗಿದ್ದವು. ಮೂರನೆಯದನ್ನು ಕೈಗೆತ್ತಿಕೊಂಡವಳು ಅಲ್ಲೇ ನಿಂತೆ. ಜನ ಜೋತುಬಿದ್ದ ಒಂದು ಜೀಪು ಮಳೆಯಲ್ಲಿ ದಿಣ್ಣೆ ಏರುತ್ತಿರುವ ಚಿತ್ರ. ಜೀಪನ್ನು ನಾನು ಆಮೇಲೆ ನೋಡಿದೆ. ಮೊದಲು ಕಂಡದ್ದು ಮಳೆ. ಎರಡು ಗಿಡ್ಡ ಗೀರು, ಪಕ್ಕದಲ್ಲಿ ಒಂದು ಉದ್ದ ಗೀರು, ಮೂರೂ ಎಡಕ್ಕೆ ವಾಲಿ, ತುದಿಯಲ್ಲಿ ಉಳಿಯನ್ನು ಸ್ವಲ್ಪ ತಿರುಗಿಸಿ ಎತ್ತಿದ ಗುರುತು. ಮಳೆಯನ್ನು ಹಾಗೆ ಕೆತ್ತುವವರನ್ನು ನಾನು ಒಬ್ಬರನ್ನೇ ಬಲ್ಲೆ. ಅದು ನಾನು.

ನಾನು ಕೆತ್ತುವುದನ್ನು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು.

ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ನನ್ನ ಅಪ್ಪ ರೈಟರ್ ಆಗಿದ್ದರು. ಕೆಲಸದವರ ಹಾಜರಿ ಬರೆಯುವುದು, ಮೂಟೆಗಳ ಮೇಲೆ ಎಸ್ಟೇಟಿನ ಗುರುತು ಹಾಕಿಸುವುದು ಅವರ ಕೆಲಸ. ತಗಡಿನಲ್ಲಿ ಅಕ್ಷರ ಕೊರೆದ ಅಚ್ಚನ್ನು ಗೋಣಿಯ ಮೇಲಿಟ್ಟು ಕರಿ ಬಣ್ಣದ ಬ್ರಷ್ ಎಳೆದರೆ ಹೆಸರು ಮೂಡುತ್ತಿತ್ತು. ಶಾಲೆಗೆ ರಜೆ ಇದ್ದಾಗ ಆ ಬ್ರಷ್ ನನ್ನ ಕೈಗೆ ಬರುತ್ತಿತ್ತು. ಅಚ್ಚು ಎತ್ತಿದಾಗ ಅಡಿಯಲ್ಲಿ ಏನು ಮೂಡಿರುತ್ತದೆಂದು ಮೊದಲೇ ಗೊತ್ತಿದ್ದರೂ ಪ್ರತಿ ಸಲವೂ ಬಗ್ಗಿ ನೋಡುತ್ತಿದ್ದೆ. ಮುಂದೆ ಮೈಸೂರಿಗೆ ಹೋಗಿ ಚಿತ್ರ ಕಲಿತೆ, ಮರದಚ್ಚು ಹಿಡಿದೆ, ಊರಿಗೆ ಬಂದೆ. ಬಂದ ಮೇಲೆ ಕೊಟ್ಟಿಗೆಹಾರದಲ್ಲಿ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ಕೋಣೆ ಹಿಡಿದೆ. ಕೆಳಗಡೆ ಅಂಗಡಿಗಳಿಗೆ ಬೋರ್ಡ್ ಬರೆಯುವ ಗೆಳೆಯನೊಬ್ಬ ಇದ್ದ. ನನ್ನದೇ ವಯಸ್ಸಿನವನು. ನಾನು ಹಲಗೆ ಕೆತ್ತುವಾಗ ಅವನು ಮೇಲೆ ಬಂದು ಕಾಫಿ ಕುಡಿಯುತ್ತ ಸುಮ್ಮನೆ ನೋಡುತ್ತಿದ್ದ. ಚಾರ್ಮಾಡಿ ಕಡೆಯಿಂದ ಗಾಳಿಗೆ ಓರೆಯಾಗಿ ಬರುವ ಮಳೆಯನ್ನು ಕಿಟಕಿಯಿಂದ ನೋಡಿ ನೋಡಿಯೇ ಆ ಮೂರು ಗೀರುಗಳು ನನ್ನ ಕೈಗೆ ಬಂದದ್ದು.

ಆ ಕಾಲದಲ್ಲಿ ನನ್ನ ಒಂದು ಅಚ್ಚನ್ನು ದೊಡ್ಡ ಪ್ಲಾಂಟರ್ ಒಬ್ಬರ ಮನೆಯಲ್ಲಿ ಕೊಂಡರು. ಮನೆಯ ಯಜಮಾನ್ತಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆ ಕಣಮ್ಮ. ಯಾರು ತಿದ್ದಿಕೊಟ್ರು?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ರೈಟರ ಮಗಳಿಗೆ ಇಷ್ಟು ಬರುವುದು ಸಾಧ್ಯವೇ ಎಂಬ ಸಹಜ ಅನುಮಾನ ಅಷ್ಟೆ. ನಾನೇ ಮಾಡಿದ್ದು ಅಂದೆ. ಅವರು ನಕ್ಕರು. ಆ ನಗು ನನಗೆ ಬಹಳ ಕಾಲ ಚುಚ್ಚಿತು.

ಒಂದು ಮಳೆಗಾಲ ನಾಲ್ಕು ತಿಂಗಳು ಮೈಸೂರಿನಲ್ಲಿ ಕೆಲಸವಿತ್ತು. ಹಿಂದಿರುಗಿ ನೋಡಿದರೆ ಕೊಟ್ಟಿಗೆಹಾರದ ಆ ಕಟ್ಟಡವೇ ಇರಲಿಲ್ಲ. ಯಜಮಾನರು ಕೆಡವಿಸಿದ್ದರು. ಕೋಣೆಯಲ್ಲಿದ್ದ ನನ್ನ ಏಳು ಹಲಗೆಗಳೂ ಇರಲಿಲ್ಲ. ಗೆಳೆಯ ರಸ್ತೆಯ ಆಚೆ ಬದಿಗೆ ಅಂಗಡಿ ಹಾಕಿಕೊಂಡಿದ್ದ.

"ಕೆಡವೋಕೆ ಬಂದವ್ರು ಲಾರಿಲಿ ಹಾಕ್ಕಂಡು ಹೋದ್ರು ಮಾರಾಯ್ತಿ. ಕಳಸದ ಕಡೆಯವ್ರು ಅಂತ ಕಾಣುತ್ತೆ. ನಾನು ಮಧ್ಯಾಹ್ನ ಬರೋದ್ರೊಳಗೆ ಲಾರಿ ತುಂಬಿಸಿಬಿಟ್ಟಿದ್ರು. ಹುಡುಕೋಣ ಬಾ" ಎಂದ.

ನಾನು ಹೋಗಲಿಲ್ಲ. ಕೆತ್ತಿದ ಹಲಗೆಯನ್ನು ಯಾರಾದರೂ ಸೌದೆಯೆಂದು ಹೊತ್ತುಕೊಂಡು ಹೋಗುತ್ತಾರೆಯೇ ಎನಿಸಿತು. ಎರಡು ವಾರದ ಮೇಲೆ ಮೂಡಿಗೆರೆಯ ಒಂದು ಹೋಟೆಲಿನ ಹೊಸ ಬೋರ್ಡ್ ನೋಡಿದೆ. ಅಕ್ಷರಗಳ ಹಿಂದೆ ಮಳೆ ಬರೆದಿತ್ತು. ಎರಡು ಗಿಡ್ಡ ಗೀರು, ಒಂದು ಉದ್ದ. ಕೆಳಗೆ ನನ್ನ ಗೆಳೆಯನ ಸಹಿ. ಅಲ್ಲಿಗೆ ನನ್ನ ಲೆಕ್ಕದಲ್ಲಿ ಎಲ್ಲ ತೀರ್ಮಾನವಾಯಿತು. ಹಲಗೆಗಳು ಅವನ ಬಳಿಯೇ ಇವೆ, ನೋಡಿಕೊಂಡು ಬರೆಯುತ್ತಿದ್ದಾನೆ. ನಾನು ಅವನನ್ನು ಕೇಳಲಿಲ್ಲ, ಜಗಳ ಮಾಡಲಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸಿನಿಂದ ಇಳಿಯುವುದನ್ನೇ ಬಿಟ್ಟೆ.

ಮತ್ತೆ ಉಳಿ ಹಿಡಿಯಲು ಮನಸ್ಸು ಬರಲಿಲ್ಲ. ಜಿಲ್ಲೆಯ ಒಂದು ವಾರಪತ್ರಿಕೆಗೆ ಚಿತ್ರಪ್ರದರ್ಶನಗಳ ಬಗ್ಗೆ ಬರೆಯತೊಡಗಿದೆ. ನಾನು ರೈಟರ್ ಆಗಿದ್ದೇನೆಂದು ಯಾರೋ ಹೇಳಿದಾಗ ಮಲ್ಲಂದೂರಿನವರು ಯಾವ ಎಸ್ಟೇಟಿನಲ್ಲಿ ಎಂದು ಅಪ್ಪನನ್ನು ವಿಚಾರಿಸಿದರಂತೆ. ಬರೆಯುತ್ತ ಬರೆಯುತ್ತ ಒಂದು ಸಣ್ಣ ಮಾಸಿಕದ ಸಂಪಾದಕಿಯಾದೆ. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತೆ. ಯಾರ ಕಥೆ ಎಲ್ಲಿಂದ ಎತ್ತಿದ್ದು, ಯಾರ ಸಾಲು ಯಾರದ್ದರ ಹಾಗಿದೆ ಎಂದು ಪತ್ತೆ ಮಾಡುವುದರಲ್ಲಿ ನನಗೆ ಹೆಸರು ಬಂತು. ಮೂರು ಸಲ ನನ್ನ ಅನುಮಾನ ನಿಜವಾಗಿತ್ತು. ಸುಳ್ಳಾದದ್ದು ಎಷ್ಟು ಸಲವೋ ನನಗೆ ಗೊತ್ತಿಲ್ಲ. ವಾಪಸು ಹೋದ ಬರಹಗಾರರು ಮತ್ತೆ ಬರೆದು ಕೇಳುವುದಿಲ್ಲವಲ್ಲ. ಪತ್ರಿಕೆ ನಿಂತ ಮೇಲೆ ಕಲಾಕೇಂದ್ರದವರು ಕರೆದರು. ಹೀಗೆ ಕೆತ್ತುವವಳು ಬರೆಯುವವಳಾಗಿ, ಬರೆಯುವವಳು ತಿದ್ದುವವಳಾಗಿ, ಕೊನೆಗೆ ಅರ್ಜಿಗಳಿಗೆ ಮೊಹರು ಒತ್ತುವವಳಾದೆ.

ಸಂಸೆಯ ಲಕೋಟೆಯನ್ನು ಮುಂದಿಟ್ಟುಕೊಂಡಾಗ ನನ್ನ ತಲೆಯಲ್ಲಿ ಇಡೀ ಕಥೆ ತಾನಾಗಿಯೇ ಕಟ್ಟಿಕೊಂಡಿತು. ಇದು ಆ ಗೆಳೆಯನ ಕೆಲಸ. ಇವಳು ಅವನ ಕಡೆಯವಳು. ಹಲಗೆಗಳನ್ನು ಇಷ್ಟು ವರ್ಷ ಅಡಗಿಸಿಟ್ಟು, ಈಗ ಇವಳ ಹೆಸರಿನಲ್ಲಿ ಹೊರಗೆ ಬಿಡುತ್ತಿದ್ದಾನೆ. ಅದೂ ನನ್ನದೇ ಕಚೇರಿಗೆ.

ಸಮಿತಿಯ ಅಧ್ಯಕ್ಷರು ನಿವೃತ್ತ ಪ್ಲಾಂಟರ್. ತೋಟವನ್ನು ಮಗನಿಗೆ ಬಿಟ್ಟು ಪೇಟೆಯಲ್ಲಿದ್ದಾರೆ, ಸಂಭಾವಿತರು. ಇನ್ನಿಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟರುಗಳು. ಸಭೆಯಲ್ಲಿ ಹನ್ನೆರಡೂ ಚಿತ್ರಗಳನ್ನು ಮೇಜಿನ ಮೇಲೆ ಹರಡಿದೆ. ಅಧ್ಯಕ್ಷರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು. ಆಮೇಲೆ ಅರ್ಜಿ ಓದಿದರು.

"ಕಸಿ ಕಟ್ಟೋ ಹುಡುಗಿ ಇದನ್ನ ಮಾಡಿದಾಳೆ ಅಂದ್ರೆ ನಂಬೋಕೆ ಕಷ್ಟ ನೋಡಿಯಮ್ಮ. ಹಿಂದೆ ಯಾರೋ ಇದ್ದಾರೆ. ನಿಮಗೇನನ್ಸುತ್ತೆ?"

ನನಗೂ ಹಾಗೇ ಅನಿಸಿತ್ತು. ಆದರೆ ಅವರ ಬಾಯಲ್ಲಿ ಆ ಮಾತು ಕೇಳಿದಾಗ ಮೈ ಸಣ್ಣಗೆ ಉರಿಯಿತು. ನನ್ನ ಅನುಮಾನಕ್ಕೆ ಬೇರೆ ಕಾರಣವಿದೆ ಎಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ. "ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ ಸರ್" ಎಂದಷ್ಟೇ ಅಂದೆ.

ಮೂಡಿಗೆರೆಯ ಮೇಲೆ ಕಳಸಕ್ಕೆ ಹೋಗುವ ಬಸ್ಸು ಹತ್ತಿದೆ. ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಗೆಳೆಯನ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯಿತ್ತು. ಹೌದಾ, ಊರು ಬಿಟ್ಟು ಸಂಸೆ ಸೇರಿಕೊಂಡಿದ್ದಾನೆ ಎಂದುಕೊಂಡೆ. ಕಳಸದಲ್ಲಿ ಇಳಿದು ಜೀಪು ಹಿಡಿದೆ. ಚೀಲದಲ್ಲಿ ಒಂದು ಹೊಸ ಹಲಗೆ ಇಟ್ಟುಕೊಂಡಿದ್ದೆ. ಅವಳ ಕೈಯಲ್ಲಿ ನನ್ನ ಎದುರಿಗೇ ಕೆತ್ತಿಸಬೇಕೆಂಬುದು ಉಪಾಯ. ಕೈಗೆ ಬಾರದಿದ್ದರೆ ಅಲ್ಲಿಗೆ ಮುಗಿಯಿತು.

ಅವಳ ಮನೆ ರಸ್ತೆಯಿಂದ ಸ್ವಲ್ಪ ಕೆಳಗಿತ್ತು. ಸಿಮೆಂಟಿನ ಎರಡು ಕೋಣೆ, ಮುಂದೆ ಶೀಟಿನ ಚಪ್ಪರ, ಚಪ್ಪರದಡಿ ಕಸಿ ಕಟ್ಟಿದ ಮೆಣಸಿನ ಸಸಿಗಳ ಪಾಕೆಟುಗಳು ಸಾಲಾಗಿ. ಅವಳೂ ಅವಳ ತಾಯಿಯೂ ಇಬ್ಬರೇ. ಭಾನುವಾರವಾದ್ದರಿಂದ ನರ್ಸರಿಗೆ ರಜೆಯಿತ್ತು. ನಾನು ಯಾರೆಂದು ಹೇಳಿದಾಗ ತಾಯಿ ಗಡಿಬಿಡಿಯಿಂದ ಕುರ್ಚಿ ಒರೆಸಿ, "ಕುತ್ಕಳಿ ಮೇಡಂ, ಕಾಪಿ ಮಾಡ್ತೀನಿ" ಎಂದರು. ಮಗಳು ಕಂಬಕ್ಕೆ ಒರಗಿ ನಿಂತೇ ಇದ್ದಳು.

"ಅರ್ಜಿ ಹಾಕಿದವ್ರ ಮನೆಗೆಲ್ಲ ಹೋಗ್ತೀರಾ ಮೇಡಂ?" ಎಂದು ಕೇಳಿದಳು.

"ಕೆಲವರ ಮನೆಗೆ" ಎಂದು ಸುಳ್ಳು ಹೇಳಿದೆ.

"ಯಾವ ಕೆಲವರು?"

ನಾನು ಚೀಲದಿಂದ ಹಲಗೆ ತೆಗೆದೆ. "ಇದರ ಮೇಲೆ ಏನಾದ್ರೂ ಸ್ವಲ್ಪ ಕೆತ್ತಿ ತೋರಿಸ್ತೀರಾ? ಸಮಿತಿಯವರು ಕೇಳ್ತಾರೆ."

ಅವಳಿಗೆ ತಕ್ಷಣ ಅರ್ಥವಾಯಿತು. ಆದರೂ ಒಳಗೆ ಹೋಗಿ ಒಂದು ಚಾಕು ತಂದಳು. ಕಸಿ ಕಟ್ಟುವ ಚಾಕು. ನರ್ಸರಿಯಲ್ಲಿ ಕಾಂಡ ಸೀಳಲು ಬಳಸುವಂಥದ್ದು, ಉಜ್ಜಿ ಉಜ್ಜಿ ಅಲಗು ಅರ್ಧವಾಗಿತ್ತು. ನೆಲದ ಮೇಲೆ ಕೂತು, ಹಲಗೆಯನ್ನು ಪಾದಗಳ ನಡುವೆ ಸಿಕ್ಕಿಸಿಕೊಂಡು ಕೆತ್ತತೊಡಗಿದಳು. ಪೆನ್ಸಿಲಿನಿಂದ ಗುರುತು ಸಹ ಹಾಕಿಕೊಳ್ಳಲಿಲ್ಲ. ಹತ್ತೇ ನಿಮಿಷದಲ್ಲಿ ಒಂದು ಸಸಿಯ ಪಾಕೆಟು, ಅದರ ಹಿಂದೆ ತಾಯಿಯ ಬಾಗಿದ ಬೆನ್ನು, ಸುತ್ತ ಮಳೆ. ಎರಡು ಗಿಡ್ಡ, ಒಂದು ಉದ್ದ. ಚಾಕುವಿನ ತುದಿಯನ್ನು ತಿರುಗಿಸಿ ಎತ್ತುವ ರೀತಿಯೂ ಅದೇ. ನನ್ನ ಕೈ ಎಂದೋ ಮರೆತ ಚಲನೆ ಬೇರೊಬ್ಬರ ಕೈಯಲ್ಲಿ ನಡೆಯುತ್ತಿತ್ತು.

"ಈ ಮಳೆ ಯಾರು ಹೇಳ್ಕೊಟ್ರು?" ಎಂದೆ. ಬಾಯಿಗೆ ಬಂದ ಮೇಲೆ ಗೊತ್ತಾಯಿತು, ಎಂದೋ ಒಬ್ಬರು ನನಗೆ ಹಾಕಿದ್ದ ಪ್ರಶ್ನೆಯನ್ನೇ ನಾನೂ ಹಾಕಿದ್ದೆ.

"ಯಾರೂ ಹೇಳ್ಕೊಟ್ಟಿಲ್ಲ."

ಅಷ್ಟರಲ್ಲಿ ಕಾಫಿ ತಂದ ತಾಯಿ, "ಆ ಹಲಗೆ ನೋಡಿ ಕಲ್ತದ್ದಲ್ವಾ, ತೋರ್ಸು ಅವ್ರಿಗೆ" ಎಂದರು.

ಮಗಳು ತಾಯಿಯನ್ನು ದುರುಗುಟ್ಟಿ ನೋಡಿದಳು. ಆದರೆ ಮಾತು ಹೊರಬಿದ್ದಾಗಿತ್ತು. ಒಳಗಿನಿಂದ ಒಂದೊಂದಾಗಿ ತಂದು ಗೋಡೆಗೆ ಒರಗಿಸಿದಳು. ಐದು ಹಲಗೆಗಳು. ಒಂದರ ಮೂಲೆ ಗೆದ್ದಲು ತಿಂದಿತ್ತು. ಒಂದಕ್ಕೆ ತೂತು ಕೊರೆದು ತಂತಿ ಸಿಕ್ಕಿಸಿದ್ದರು, ಕೆಲ ಕಾಲ ಅದು ಕೋಳಿಗೂಡಿನ ಬಾಗಿಲಾಗಿತ್ತಂತೆ. ಉಳಿದ ಮೂರು ಮಸಿ ಮೆತ್ತಿ ಕಪ್ಪಾಗಿದ್ದವು. ಐದೂ ನನ್ನವೇ.

"ಇವು ಎಲ್ಲಿಂದ ಬಂದವು?" ಎಂದು ತಾಯಿಯನ್ನು ಕೇಳಿದೆ. ಬೋರ್ಡ್ ಬರೆಯುವವನ ಹೆಸರು ಈಗ ಬರುತ್ತದೆ ಎಂದು ಕಾಯುತ್ತಿದ್ದೆ.

"ನಮ್ಮ ಭಾವ ಲೋಡಿಂಗ್ ಕೆಲಸಕ್ಕೆ ಹೋಗ್ತಿದ್ರು ಮೇಡಂ. ಈಗಿಲ್ಲ ಅವ್ರು. ಕೊಟ್ಟಿಗೆಹಾರದಲ್ಲಿ ಯಾವ್ದೋ ಹಳೇ ಕಟ್ಟಡ ಕೆಡವಿದಾಗ ಸೌದೆಗಾಗುತ್ತೆ ಅಂತ ಹಲಗೆ ತಂದ್ರು. ಲಾರಿ ಹೊರಡೋ ಹೊತ್ತಿಗೆ ಅಲ್ಲಿ ಬೋರ್ಡ್ ಬರೆಯೋರು ಒಬ್ರು ಓಡ್ಬಂದು, ಕೆತ್ತಿದ ಹಲಗೆ ಮಾತ್ರ ಸುಡಬೇಡಿ, ಅದರ ವಾರಸ್ದಾರ್ರು ಹುಡುಕ್ಕಂಡು ಬರ್ತಾರೆ ಅಂದ್ರಂತೆ. ಎರಡು ಆಗ್ಲೇ ಒಡೆದುಹೋಗಿತ್ತು. ಈ ಐದನ್ನ ಇಟ್ಕಂಡ್ವಿ. ಆವಾಗ ಇವ್ಳಿಗೆ ಆರು ವರ್ಷ. ಕಾಗದ ಇಟ್ಟು ಇದ್ದಿಲು ಉಜ್ಜಿ ಉಜ್ಜಿ ಚಿತ್ರ ತೆಗೀತಿದ್ಲು. ಆಮೇಲೆ ಯಾರೂ ಹುಡುಕ್ಕಂಡು ಬರ್ಲಿಲ್ಲ."

ಇಪ್ಪತ್ತು ವರ್ಷ ನಾನು ಕಳ್ಳನೆಂದು ನಂಬಿದ್ದವನು ಆ ದಿನ ಲಾರಿಯ ಹಿಂದೆ ಓಡಿದ್ದ. ನಾನು ಬಂದೇ ಬರುತ್ತೇನೆಂದು ನಂಬಿದ್ದ.

ಹೇಳಬಾರದೆಂದುಕೊಂಡಿದ್ದರೂ ಹೇಳಿಬಿಟ್ಟೆ. "ಇವು ನಾನು ಕೆತ್ತಿದ್ದು."

ಇಬ್ಬರೂ ನನ್ನನ್ನು ನೋಡಿದರು. ತಾಯಿ, "ಅಯ್ಯೋ ಹೌದಾ" ಎಂದರು. ಮಗಳು ನಿಧಾನವಾಗಿ ಐದೂ ಹಲಗೆಗಳ ಮುಂದೆ ಬಂದು ನಿಂತಳು, ನಾನು ಎತ್ತಿಕೊಂಡು ಹೋಗುತ್ತೇನೋ ಎನ್ನುವ ಹಾಗೆ.

"ಹೆಂಗೆ ನಂಬೋದು ಮೇಡಂ?"

"ಅಂದ್ರೆ?"

"ನಾನು ಮಾಡಿದ್ದು ನನ್ನದೇ ಅಂತ ತೋರ್ಸೋಕೆ ನಿಮ್ಮ ಮುಂದೆ ಕೆತ್ಬೇಕಾಯ್ತು. ನೀವೂ ಕೆತ್ತಿ." ಅವಳು ಚಾಕುವಿನ ಹಿಡಿಯನ್ನು ನನ್ನ ಕಡೆ ತಿರುಗಿಸಿ ಚಾಚಿದಳು. ಧ್ವನಿಯಲ್ಲಿ ಒರಟುತನವೇನೂ ಇರಲಿಲ್ಲ.

ನಾನು ನೆಲದ ಮೇಲೆ ಕೂತೆ. ಮೊಣಕಾಲು ಮಡಚಲು ಕಷ್ಟವಾಯಿತು. ಹಲಗೆಯಲ್ಲಿ ಖಾಲಿ ಉಳಿದಿದ್ದ ಮೂಲೆಯ ಮೇಲೆ ಚಾಕು ಇಟ್ಟು ಮೊದಲ ಗೀರು ಎಳೆದೆ. ಅಲಗು ಮರದ ನಾರಿನ ಗುಂಟ ಜಾರಿ ಎಲ್ಲೋ ಹೋಯಿತು. ಎರಡನೆಯದು ಆಳವಾಯಿತು. ಉದ್ದದ್ದನ್ನು ಎಳೆಯುವಾಗ ತುದಿಯಲ್ಲಿ ತಿರುಗಿಸಿ ಎತ್ತಬೇಕು ಎಂಬುದು ತಲೆಗೆ ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ. ಚೂರೊಂದು ಸಿಡಿದು ಅವಳು ಕೆತ್ತಿದ್ದ ತಾಯಿಯ ಬೆನ್ನಿನ ತುದಿ ಕಿತ್ತುಹೋಯಿತು. ನಾನು ಚಾಕು ಕೆಳಗಿಟ್ಟೆ.

ಅವಳು ಬಗ್ಗಿ ನೋಡಿದಳು. "ಇರ್ಬೋದು ಬಿಡಿ ಮೇಡಂ" ಎಂದಳು.

ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಅಪನಂಬಿಕೆಯಿಂದ ನೋಡಿರಲಿಲ್ಲ. ಆ ಪ್ಲಾಂಟರ ಮನೆಯಲ್ಲಿ ನಕ್ಕಾಗ ನನಗೆ ಕೋಪವಾದರೂ ಬಂದಿತ್ತು. ಇಲ್ಲಿ ಕೋಪಿಸಿಕೊಳ್ಳಲು ನನಗೆ ಜಾಗವೇ ಇರಲಿಲ್ಲ. ಅವಳು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಎಲ್ಲಿಂದಲೋ ಒಬ್ಬ ಅಧಿಕಾರಿಣಿ ಬಂದು, ಕೆತ್ತಿಸಿ ಪರೀಕ್ಷೆ ಮಾಡಿ, ಆಮೇಲೆ ನಿಮ್ಮ ಮನೆಯ ಹಲಗೆ ನನ್ನದು ಅಂದರೆ ಯಾರಾದರೂ ನಂಬುತ್ತಾರೆಯೇ?

ಹೊರಟು ನಿಂತಾಗ ತಾಯಿ ರಸ್ತೆಯವರೆಗೂ ಬಂದರು. "ತಪ್ಪು ತಿಳ್ಕಬೇಡಿ. ಅವ್ಳಿಗೆ ಆ ಹಲಗೆ ಅಂದ್ರೆ ಜೀವ" ಎಂದರು. ಹಲಗೆ ನನಗೆ ಬೇಡ ಎಂದೆ. ಅವರು ಅದನ್ನು ನಂಬಿದರೋ ಇಲ್ಲವೋ.

ಬರುವಾಗ ಕೊಟ್ಟಿಗೆಹಾರದ ಆ ಮೊಬೈಲ್ ಅಂಗಡಿಯಲ್ಲಿ ವಿಚಾರಿಸಿದರೆ ಗೆಳೆಯ ಮೂಡಿಗೆರೆಗೆ ಹೋಗಿದ್ದಾನೆ ಎಂದರು. ಮೂಡಿಗೆರೆಯಲ್ಲಿ ಇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಹೂವಿನವರನ್ನು ಕೇಳಿದರೆ ಗೆಳೆಯನ ಅಂಗಡಿ ತೋರಿಸಿದರು. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಸುವವರಿಲ್ಲದೆ ಅವನು ಗಾಡಿಗಳ ನಂಬರ್ ಪ್ಲೇಟಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿ ಹಾಕಿಕೊಂಡಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸ್ಟೂಲು ಎಳೆದುಕೊಟ್ಟ.

"ಎಂಥ ಮಾರಾಯ್ತಿ, ದಾರಿ ತಪ್ಪಿ ಬಂದ್ಯಾ?"

ಸುತ್ತುಬಳಸದೆ ಎಲ್ಲ ಹೇಳಿದೆ. ಹಲಗೆ, ಸಂಸೆ, ಹುಡುಗಿ. ಕೊನೆಗೆ ಇಷ್ಟು ವರ್ಷ ಅವನನ್ನೇ ಅನುಮಾನಿಸಿದ್ದನ್ನೂ ಹೇಳಿದೆ. ಅವನು ಕೈಯಲ್ಲಿದ್ದ ಸ್ಟಿಕ್ಕರನ್ನು ಪಕ್ಕಕ್ಕಿಟ್ಟ.

"ನಾನು ಕದ್ದೆ ಅಂದ್ಕಂಡಿದ್ಯಾ?"

"ಹ್ಞೂಂ."

"ಅದಕ್ಕೇನಾ ನೀನು ಬರೋದು ಬಿಟ್ಟಿದ್ದು?" ಎಂದು ಕೇಳಿದ. "ನಾನು ಬೇರೆ ಅಂದ್ಕಂಡಿದ್ದೆ. ಪೇಪರಲ್ಲಿ ನಿನ್ನ ಹೆಸರು ಬರೋಕೆ ಶುರುವಾಯ್ತು. ಬೋರ್ಡ್ ಬರೆಯೋನ ಜೊತೆ ಎಂಥ ಮಾತು ಅಂತ ನೀನು ಬಿಟ್ಟೆ ಅಂತ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ನನ್ನ ಅನುಮಾನ ಅವನಿಗೆ ಗೊತ್ತೇ ಇಲ್ಲದೆ, ಅವನು ತನ್ನದೇ ಒಂದು ಅನುಮಾನವನ್ನು ಇಟ್ಟುಕೊಂಡು ಅಷ್ಟೂ ವರ್ಷ ಕಳೆದಿದ್ದ.

"ಮತ್ತೆ ಆ ಹೋಟೆಲ್ ಬೋರ್ಡಿನ ಮಳೆ?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಅದು ನಿನ್ನದೇ. ದಿನಾ ನೋಡ್ತಿದ್ನಲ್ಲ, ಕೈಗೆ ಹತ್ತಿತ್ತು. ಚೆನ್ನಾಗಿದೆ ಅಂತ ಬರ್ದೆ. ಕೇಳಿದ್ರೆ ಹೇಳ್ತಿದ್ದೆ."

ಕ್ಷಮಿಸು ಎಂದೆ. ಅವನು ಎದುರಿನ ಅಂಗಡಿಯವರಿಗೆ ಎರಡು ಟೀ ಎಂದು ಕೈ ಮಾಡಿದ. ಟೀ ಬಂದ ಮೇಲೆ, "ಆ ಹುಡುಗಿಗೆ ಹೇಳೋಕೆ ನಾನು ಬರ್ಬೇಕಾ? ಹಲಗೆ ಯಾರದ್ದು ಅಂತ ನಂಗೆ ಗೊತ್ತಲ್ಲ" ಎಂದು ಕೇಳಿದ. ಬೇಡ ಎಂದೆ. ಸಾಕ್ಷಿ ಕರೆದುಕೊಂಡು ಹೋಗಿ ಗೆಲ್ಲಬೇಕಾದ ವಿಷಯ ಅದಾಗಿರಲಿಲ್ಲ.

ಮುಂದಿನ ಸಭೆಯಲ್ಲಿ ಸಮಿತಿಗೆ ನಡೆದದ್ದನ್ನೆಲ್ಲ ಹೇಳಿದೆ. ಹಲಗೆಗಳು ನನ್ನವೆಂಬುದನ್ನೂ, ಈ ಅರ್ಜಿಯ ತೀರ್ಮಾನದಲ್ಲಿ ನಾನು ಇರುವುದು ಸರಿಯಲ್ಲವೆಂಬುದನ್ನೂ ಹೇಳಿದೆ. ಅಧ್ಯಕ್ಷರು ಕುರ್ಚಿಗೆ ಒರಗಿದರು.

"ಅಂದ್ರೆ ನಿಮ್ಮದನ್ನ ನೋಡಿ ಕಾಪಿ ಹೊಡೆದಿದಾಳೆ."

"ಮಳೆ ಒಂದನ್ನ ನೋಡಿ ಕಲಿತಿದಾಳೆ ಸರ್. ಜೀಪು, ನರ್ಸರಿ, ಅವ್ರಮ್ಮ, ಅದೆಲ್ಲ ಅವಳದ್ದು. ನನ್ನ ಹಲಗೆಯಲ್ಲಿ ಒಬ್ಬ ಮನುಷ್ಯನೂ ಇಲ್ಲ, ಬರೀ ಗುಡ್ಡ. ಬೇಕಾದ್ರೆ ಇಲ್ಲಿ ಕರೆಸಿ ಕೇಳಿ. ಆದ್ರೆ ಕೆತ್ತಿ ತೋರ್ಸು ಅಂತ ಮಾತ್ರ ಅನ್ನಬೇಡಿ. ಆ ಮಾತು ನಾನು ಅಂದು ಬಂದಿದೀನಿ, ಸಾಕು."

ನಾನು ಹೊರಗೆ ಜಗುಲಿಯಲ್ಲಿ ಕೂತೆ. ಬಾಗಿಲ ಹಿಂದೆ ಏನು ಮಾತಾಡಿಕೊಳ್ಳುತ್ತಿದ್ದಾರೋ ಎಂದು ಕಿವಿ ನಿಮಿರುತ್ತಿತ್ತು. ನಾನೇ ಹುಡುಗಿಯನ್ನು ತಯಾರು ಮಾಡಿ ಕಳಿಸಿದ್ದೇನೆಂದು ಅವರಿಗೆ ಅನಿಸಿದರೂ ಆಶ್ಚರ್ಯವಿರಲಿಲ್ಲ. ಅವರ ಜಾಗದಲ್ಲಿ ಕೂತಿದ್ದರೆ ನನಗೂ ಹಾಗೇ ಅನಿಸುತ್ತಿತ್ತು. ಅರ್ಧ ಗಂಟೆಯ ಮೇಲೆ ಒಳಗೆ ಕರೆದರು. ಕೋಣೆ ಕೊಡಲು ಒಪ್ಪಿದ್ದರು. ಒಂದು ಷರತ್ತು. ಮೊದಲ ಮೂರು ತಿಂಗಳು ನನ್ನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು.

ಫೋನು ಮಾಡಿ ತಿಳಿಸಿದಾಗ ಅವಳು ಒಂದೇ ಮಾತು ಹೇಳಿದಳು. "ಹಂಗಾದ್ರೆ ನಾನು ಬರಲ್ಲ ಮೇಡಂ. ನನ್ನ ಮೇಲೆ ಕಣ್ಣಿಡೋರ ಕೆಳಗೆ ಕೆಲಸ ಆಗಲ್ಲ."

ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ. ಬರೆಯುವಾಗ 'ಮೇಲ್ವಿಚಾರಣೆಯಲ್ಲಿ' ಎಂಬ ಪದವನ್ನು ತೆಗೆದು 'ಅವರು ಕೇಳಿದಲ್ಲಿ ಸಹಕಾರದಿಂದ' ಎಂದು ಹಾಕಿದೆ. ಬೇರೆಯವರ ವಾಕ್ಯ ತಿದ್ದಿ ಅಭ್ಯಾಸವಿದ್ದವಳಿಗೆ ಅದು ಒಂದು ನಿಮಿಷದ ಕೆಲಸ. ಅದನ್ನು ಸಹಿಗೆ ಒಯ್ದೆ. ಅಧ್ಯಕ್ಷರು ಪೂರ್ತಿ ಓದಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಇಲ್ಲಿ ಒಂದು ಮಾತು ಬದಲಾಗಿದೆ ಅಲ್ವಾ?"

"ಹೌದು ಸರ್."

ಪೆನ್ನು ತೆಗೆದು ಸಹಿ ಮಾಡಿದರು. ಯಾಕೆ ಮಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬದಲಾದ ಷರತ್ತನ್ನು ಫೋನಿನಲ್ಲಿ ಓದಿ ಹೇಳಿದ ಮೇಲೆ ಅವಳು ಒಪ್ಪಿ, ಸಂಕ್ರಾಂತಿ ಕಳೆದ ಮೇಲೆ ಬಂದಳು. ಮೊದಲ ದಿನವೇ ನಿಯಮಗಳನ್ನೆಲ್ಲ ಬರಹದಲ್ಲಿ ಕೇಳಿ ಪಡೆದಳು. ಕೋಣೆಗೆ ತನ್ನದೇ ಬೀಗ ಹಾಕಿಕೊಂಡಳು. ನಾನು ಆ ಕಡೆ ಹಾದುಹೋದರೆ ಕೆತ್ತುತ್ತಿದ್ದ ಹಲಗೆಯ ಮೇಲೆ ಬಟ್ಟೆ ಎಳೆಯುತ್ತಿದ್ದಳು. ಎರಡನೆಯ ತಿಂಗಳು ಶಾಯಿ ತೆಳುವಾಗುತ್ತಿದೆ ಎಂದು ಕೇಳಲು ಬಂದಳು. ಸೀಮೆಎಣ್ಣೆ ಕಡಿಮೆ ಮಾಡಿ ನೋಡು ಎಂದೆ. ಆಮೇಲೆ ಒಂದು ವಾರ ಏನೂ ಕೇಳಲಿಲ್ಲ. ಒಂದು ದಿನ ತಾನಾಗಿಯೇ ಬಾಗಿಲು ತೆರೆದು ಒಂದು ಅಚ್ಚು ತೋರಿಸಿ, "ಹೆಂಗಿದೆ?" ಎಂದಳು. ಬಲಗಡೆ ಕಪ್ಪು ಹೆಚ್ಚಾಯಿತು ಎಂದೆ. ಅವಳು ಒಪ್ಪಲಿಲ್ಲ. ನಾನು ಹೊರಗೆ ಬಂದೆ. ಮಾರನೆಯ ದಿನ ನೋಡಿದರೆ ಕಪ್ಪು ಹಾಗೇ ಇತ್ತು, ಮತ್ತು ಅದು ಹಾಗೇ ಇರಬೇಕಾದದ್ದು ಎಂದು ನನಗೆ ನಿಧಾನವಾಗಿ ಕಂಡಿತು.

ವರ್ಷದ ಕೊನೆಗೆ ಅವಳ ಚಿತ್ರಗಳ ಪ್ರದರ್ಶನವಿತ್ತು. ಅದಕ್ಕೊಂದು ಕಿರುಹೊತ್ತಗೆ ಮಾಡಿದೆವು. ಮುನ್ನುಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರು ದಿನ ಕೂತು ಎರಡು ಪುಟ ಬರೆದೆ. ಸಂಸೆಯ ಮನೆ, ಕಾಗದದ ಮೇಲೆ ಉಜ್ಜಿದ ಇದ್ದಿಲು, ಕಳೆದುಹೋದ ಹಲಗೆಗಳು ಮಗುವೊಂದಕ್ಕೆ ಗುರುವಾದದ್ದು, ಎಲ್ಲ ಬಂತು. ಬರೆದದ್ದು ನನಗೆ ಬಹಳ ಹಿಡಿಸಿತು. ಅಚ್ಚಿಗೆ ಕಳಿಸುವ ಮೊದಲು ಅವಳಿಗೆ ಓದಲು ಕೊಟ್ಟೆ.

ಅವಳು ಕೋಣೆಗೆ ಒಯ್ದು ಮಧ್ಯಾಹ್ನದ ಮೇಲೆ ತಂದುಕೊಟ್ಟಳು. ಪೆನ್ಸಿಲಿನಿಂದ ಗೆರೆ ಹೊಡೆದಿದ್ದಳು. ಮೊದಲ ಪುಟ ಪೂರ್ತಿ ಹೋಗಿತ್ತು. ಎರಡನೆಯದರಲ್ಲಿ ಚಿತ್ರಗಳ ಬಗ್ಗೆ ಬರೆದ ಏಳೆಂಟು ಸಾಲು ಉಳಿದಿದ್ದವು.

"ಹಲಗೆ ವಿಷಯ ಬೇಡ ಮೇಡಂ. ಅದನ್ನ ಹಾಕಿದ್ರೆ ಬಂದವ್ರೆಲ್ಲ ಅದನ್ನೇ ಕೇಳ್ತಾರೆ. ಚಿತ್ರ ನೋಡಲ್ಲ."

"ನಡೆದದ್ದೇ ಅಲ್ವಾ ಅದು?" ಎಂದೆ.

"ನೀವು ಹೇಳಿದ್ದು ನಿಜಾನೇ ಇರ್ಬೋದು. ಆದ್ರೆ ಇದು ನನ್ನ ಪುಸ್ತಕ."

ನಾನು ಹಾಳೆಗಳನ್ನು ತೆಗೆದುಕೊಂಡು ಮೇಜಿಗೆ ಬಂದೆ. ಅವಳು ಉಳಿಸಿದ ಸಾಲುಗಳನ್ನು ಓದಿದೆ. ಅವುಗಳಲ್ಲಿ ಒಂದು ಕಡೆ ಕ್ರಿಯಾಪದ ಸರಿಯಿರಲಿಲ್ಲ, ತಿದ್ದಿದೆ. ಕೆಳಗೆ ನನ್ನ ಹೆಸರು ಹಾಕಬೇಕೇ ಬೇಡವೇ ಎಂದು ಕೇಳಲು ಮತ್ತೆ ಅವಳ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅವಳು ಕೈಯ ಶಾಯಿ ಒರೆಸಿಕೊಳ್ಳುತ್ತ ಸ್ವಲ್ಪ ಯೋಚಿಸಿದಳು.

"ಹಾಕಿ" ಎಂದಳು. "ಸಣ್ಣ ಅಕ್ಷರದಲ್ಲಿ."

ಹಾಗೆಯೇ ಅಚ್ಚಾಯಿತು.